ಬ್ರಿಟನ್ನಿನಲ್ಲಿ ದಿಢೀರ್ ಹಿಮ: ಹಿತ್ತಲಿನ ಹಕ್ಕಿ, ಕೋಳಿ, ಮೊಲ, ಕಪ್ಪೆಗಳನ್ನು ನೋಡಿಕೊಳ್ಳುವ ಬಗೆ

ದಕ್ಷಿಣ ಇಂಗ್ಲೆಂಡಿನ ಬಹುತೇಕ ಮನೆಗಳಲ್ಲಿ ಹಿಮ ತೆಗೆಯುವ ಸಲಿಕೆಯೇ ಇರುವುದಿಲ್ಲ. ಎಷ್ಟೋ ಚಳಿಗಾಲಗಳು ಬರೀ ಜಿಟಿಜಿಟಿ ಮಳೆಯಲ್ಲೇ ಮುಗಿದುಹೋಗುತ್ತವೆ. ಆಮೇಲೆ ಒಂದು ವರ್ಷ 2010ರ ಡಿಸೆಂಬರಿನಂಥದ್ದೋ 2018ರ 'ಬೀಸ್ಟ್ ಫ್ರಂ ದಿ ಈಸ್ಟ್' ಎಂಬ ಶೀತಗಾಳಿಯಂಥದ್ದೋ ಬಂದು ಎಲ್ಲವನ್ನೂ ಮುಚ್ಚಿಬಿಡುತ್ತದೆ. 2018ರದ್ದು ಬಂದದ್ದು ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರದಲ್ಲಿ. ಸ್ಕಾಟ್ಲೆಂಡಿನ ನಡುಭಾಗಕ್ಕೂ ದಕ್ಷಿಣ ವೇಲ್ಸ್, ನೈಋತ್ಯ ಇಂಗ್ಲೆಂಡಿಗೂ ಹವಾಮಾನ ಸಂಸ್ಥೆ ಮೆಟ್ ಆಫೀಸ್ ಅತಿ ಗಂಭೀರವಾದ ಕೆಂಪು ಎಚ್ಚರಿಕೆ ಕೊಟ್ಟ ಹೊತ್ತಿಗೆ ಕಪ್ಪೆಗಳು ಮೊಟ್ಟೆಯಿಡುವ ಕಾಲ ಬಂದಿತ್ತು, ಹಕ್ಕಿಗಳು ಗೂಡಿನ ಜಾಗ ಹುಡುಕುತ್ತಿದ್ದವು.

ಹಿತ್ತಲಿನ ಜೀವಗಳನ್ನು ಹಿಮ ನೇರವಾಗಿ ಕೊಲ್ಲುವುದು ಕಡಿಮೆ. ಕುಡಿಯುವ ನೀರು ಕಲ್ಲಾಗುತ್ತದೆ, ಮೈ ಒದ್ದೆಯಾಗುತ್ತದೆ, ಹದಿನಾರು ಗಂಟೆಯ ರಾತ್ರಿ ದಾಟಲು ಹೊಟ್ಟೆಯಲ್ಲಿ ಸಾಕಷ್ಟು ಇರುವುದಿಲ್ಲ. ಪ್ರಾಣ ಹೋಗುವುದು ಇವುಗಳಿಂದ. ನಾವು ಒಳ್ಳೆಯದೆಂದು ಮಾಡುವ ಅರ್ಧ ಕೆಲಸಗಳು, ಅಂದರೆ ಕೋಳಿಗೂಡಿನ ಸಂದು ಮುಚ್ಚುವುದು, ಕೊಳದ ಮಂಜುಗಡ್ಡೆ ಒಡೆಯುವುದು, ದಾರಿಗೆಲ್ಲ ಉಪ್ಪು ಸುರಿಯುವುದು, ಈ ತೊಂದರೆಗಳನ್ನು ಹೆಚ್ಚಿಸುತ್ತವೆ.

ಎಚ್ಚರಿಕೆ ಬಂದ ಸಂಜೆ

ಮೊದಲ ಹಂತದ ಹಳದಿ ಎಚ್ಚರಿಕೆ ಬಂದರೆ ಸಾಕು, ಅದರ ಮೇಲಿನ ಹಂತದ ಅಂಬರ್ ಬರಲಿ ಎಂದು ಕಾಯಬೇಡಿ. ಅಂಗಡಿಯಲ್ಲಿ ಹಾಲು, ಬ್ರೆಡ್ ಖಾಲಿಯಾಗುವ ಹೊತ್ತಿಗೇ ಹಕ್ಕಿಕಾಳು, ಒಣಹುಲ್ಲೂ ಖಾಲಿಯಾಗುತ್ತವೆ. ಒಂದು ಕೋಳಿ ದಿನಕ್ಕೆ 120ರಿಂದ 150 ಗ್ರಾಂ ಪೆಲೆಟ್ (ಗುಳಿಗೆಯಂಥ ಕೋಳಿ ಆಹಾರ) ತಿನ್ನುತ್ತದೆ, ಹಾಗಾಗಿ 4 ಕೋಳಿಗೆ ವಾರಕ್ಕೆ ಸುಮಾರು 4 ಕೆಜಿ ಇರಲಿ. ಹಕ್ಕಿಗಳಿಗೆ ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ 2 ಕೆಜಿ, ಹಾಸಲು ಒಂದು ಕಟ್ಟು ಸ್ಟ್ರಾ (ಪೈರಿನ ಒಣಕಡ್ಡಿ), ಮೊಲ ಇದ್ದರೆ ತಿನ್ನಲು ಬೇರೆಯಾಗಿ ಹೇ (ಒಣಗಿಸಿದ ಹುಲ್ಲು). ಹೊರಗಿನ ನಲ್ಲಿ ಹೆಪ್ಪುಗಟ್ಟುವುದು ಖಚಿತ. ಒಳಗಿನ ವಾಲ್ವ್ ಮುಚ್ಚಿ, ಹೊರಗಿನ ನಲ್ಲಿ ತೆರೆದಿಟ್ಟು ಪೈಪಿನ ನೀರು ಇಳಿಸಿಬಿಡಿ. ಎರಡು ಬಕೆಟ್ ನೀರು ಮನೆಯೊಳಗೆ ತುಂಬಿಡಿ.

ಹೆಚ್ಚಿನವರು ಮರೆಯುವುದು ಕೋಳಿ ಓಡಾಡುವ ಜಾಗದ ಮೇಲಿನ ಬಲೆಯನ್ನು. ಸಣ್ಣ ಕಣ್ಣಿನ ಬಲೆಯಿಂದ ಒದ್ದೆ ಹಿಮ ಕೆಳಗೆ ಬೀಳುವುದಿಲ್ಲ, ಎಳೆಯಿಂದ ಎಳೆಗೆ ಸೇತುವೆ ಕಟ್ಟಿಕೊಂಡು ಮೇಲೇ ನಿಲ್ಲುತ್ತದೆ. ಬ್ರಿಟನ್ನಿನಲ್ಲಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮ ಘನ ಮೀಟರಿಗೆ 200ರಿಂದ 300 ಕೆಜಿ ತೂಗಬಹುದು. 2 ಮೀಟರ್ ಅಗಲ, 3 ಮೀಟರ್ ಉದ್ದದ ಬಲೆಯ ಮೇಲೆ 10 ಸೆಂಟಿಮೀಟರ್ ನಿಂತರೆ 120ರಿಂದ 180 ಕೆಜಿ ಭಾರ. ಪ್ಲಾಸ್ಟಿಕ್ ಬಲೆಯಾದರೆ ಅವತ್ತು ಸಂಜೆಯೇ ಬಿಚ್ಚಿ ಸುತ್ತಿಡಿ, ಕೋಳಿಗಳನ್ನು ಗೂಡಲ್ಲೇ ಇರಿಸಿ. ಬಿಗಿದ ತಂತಿಯಾದರೆ ನಡುವೆ ಒಂದು ಗೂಟ ನಿಲ್ಲಿಸಿ, ಅದರ ತಲೆಗೆ ಹೂಕುಂಡ ಬೋರಲು ಹಾಕಿ. ಬರೀ ಗೂಟದ ಮೊನೆ ಬಲೆಯನ್ನು ಹರಿದುಬಿಡುತ್ತದೆ. ಹಿಮ ಬೀಳುತ್ತಿರುವಾಗಲೇ ಎರಡು ಗಂಟೆಗೊಮ್ಮೆ ಒಳಗಿನಿಂದ ಪೊರಕೆಯಲ್ಲಿ ತಟ್ಟಿ ಉದುರಿಸಿ. ಬೆಳಗ್ಗೆ ನೋಡೋಣ ಎಂದರೆ ಕಂಬ ಬಾಗಿರುತ್ತದೆ.

ದಾರಿ ಮತ್ತು ಉಪ್ಪು

ಹಿಮ ತುಳಿದು ಗಟ್ಟಿಯಾಗುವ ಮುಂಚೆ ದಾರಿ ಮಾಡಿಕೊಳ್ಳಿ. ಎತ್ತಿ ಎಸೆಯುವುದಕ್ಕಿಂತ ತಳ್ಳುವುದು ಬೆನ್ನಿಗೂ ಎದೆಗೂ ಹಗುರ. ಹೃದಯದ ತೊಂದರೆ ಇದ್ದವರು ಸಲಿಕೆ ಮುಟ್ಟದಿರುವುದೇ ವಾಸಿ. ಬಿಸಿನೀರು ಸುರಿಯಬೇಡಿ, ಅರ್ಧ ಗಂಟೆಯಲ್ಲಿ ಅದೇ ಕಾಣದ ಮಂಜುಗಡ್ಡೆಯಾಗಿ ಬೀಳಿಸುತ್ತದೆ. ಉಪ್ಪು ಚದರ ಮೀಟರಿಗೆ ಒಂದು ಟೇಬಲ್‌ಸ್ಪೂನ್ ಸಾಕು. ಅದೂ ಮುಂಬಾಗಿಲು, ಫುಟ್‌ಪಾತಿಗೆ ಮಾತ್ರ.

ಹಿತ್ತಲಿಗೆ ಉಪ್ಪು ಬೇಡವೇ ಬೇಡ. ಕೋಳಿಗಳು ಕಲ್ಲುಪ್ಪಿನ ಹರಳನ್ನು ತಾವು ಕಾಳು ಅರೆಯಲು ನುಂಗುವ ಸಣ್ಣ ಕಲ್ಲೆಂದೇ ಹೆಕ್ಕಿ ನುಂಗುತ್ತವೆ, ಅದು ವಿಷದ ಮಟ್ಟಕ್ಕೆ ಹೋಗಬಹುದು. ನಾಯಿ ಅಂಗಾಲು ನೆಕ್ಕುತ್ತದೆ. ಕರಗಿದ ಉಪ್ಪುನೀರು ಕೊಳಕ್ಕೆ ಇಳಿದರೆ ಕಪ್ಪೆಯ ತೆಳು ಚರ್ಮಕ್ಕೆ ಅಪಾಯ. ಗೂಡಿನ ತನಕದ ದಾರಿಗೆ ಮರಳು ಅಥವಾ ಸ್ಟ್ರಾ ಹರಡಿ. ತೆಗೆದ ಹಿಮವನ್ನು ಬೇಲಿಯ ಬುಡಕ್ಕೆ, ಸೌದೆ ರಾಶಿಯ ಮೇಲೆ, ಎಲೆರಾಶಿಯ ಮೇಲೆ ಗುಡ್ಡೆ ಹಾಕಬೇಡಿ. ತಾನಾಗಿ ಬಿದ್ದ ಹಗುರ ಹಿಮ ಕೆಳಗಿರುವ ಜೀವಕ್ಕೆ ಕಂಬಳಿ ಹೊದೆಸಿದ ಹಾಗೆ. ಸಲಿಕೆಯಿಂದ ಒತ್ತಿ ಹಾಕಿದ್ದು ಗಾಳಿಯ ಸಂದು ಮುಚ್ಚುತ್ತದೆ, ಕರಗಿದಾಗ ಗೂಡನ್ನೇ ನೆನೆಸುತ್ತದೆ.

ಹಕ್ಕಿಗಳಿಗೆ

ಒಂದು ಬ್ಲೂ ಟಿಟ್ ತೂಗುವುದು ಸುಮಾರು 11 ಗ್ರಾಂ. ಗೋಲ್ಡ್‌ಕ್ರೆಸ್ಟ್ 5ರಿಂದ 6 ಗ್ರಾಂ ಅಷ್ಟೆ. ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನ ಹಗಲು 8 ಗಂಟೆಗೂ ಕಡಿಮೆ, ಎಡಿನ್‌ಬರೋದಲ್ಲಿ 7 ಗಂಟೆ. ಆ ಹಗಲಲ್ಲಿ ಕೂಡಿಟ್ಟ ಕೊಬ್ಬನ್ನೇ ಉರಿಸಿಕೊಂಡು ಅವು ರಾತ್ರಿ ಕಳೆಯಬೇಕು. ಅದಕ್ಕೇ ಏನು ಹಾಕುತ್ತೀರಿ ಎಂಬಷ್ಟೇ ಯಾವಾಗ ಹಾಕುತ್ತೀರಿ ಎಂಬುದೂ ಮುಖ್ಯ. ಬೆಳಕು ಹರಿಯುವಾಗ ಒಮ್ಮೆ, ಕತ್ತಲಾಗುವ ಎರಡು ಗಂಟೆ ಮುಂಚೆ ಒಮ್ಮೆ. ಲಂಡನ್ನಿನಲ್ಲಿ ಅದು ಮಧ್ಯಾಹ್ನ ಎರಡು ಗಂಟೆ ಸುಮಾರು. ಹೊತ್ತು ತಪ್ಪಿಸಬೇಡಿ, ಬಂದು ಬರಿಗೈಲಿ ಹೋದ ಹಕ್ಕಿ ಆ ಹಾರಾಟದಲ್ಲೇ ಒಂದಿಷ್ಟು ಕೊಬ್ಬು ಕಳೆದುಕೊಂಡಿರುತ್ತದೆ.

ಸೂರ್ಯಕಾಂತಿ ತಿರುಳು ಎಲ್ಲಕ್ಕಿಂತ ಉತ್ತಮ, ಸಿಪ್ಪೆ ಒಡೆಯುವ ಸಮಯ ಉಳಿಯುತ್ತದೆ. ಕಡಲೆಕಾಯಿ ಬೀಜ ಉಪ್ಪಿಲ್ಲದ್ದು, ಹಕ್ಕಿಗಳಿಗೆಂದೇ ಪರೀಕ್ಷಿಸಿ ಮಾರುವಂಥದ್ದು, ನೇತುಹಾಕುವ ತಂತಿಬಲೆಯ ಫೀಡರಿನಲ್ಲಿ (ಕಾಳಿನ ಬುಟ್ಟಿ). ಬೂಷ್ಟು ಹಿಡಿದ ಬೀಜದ ಅಫ್ಲಟಾಕ್ಸಿನ್ ಎಂಬ ವಿಷ ಹಕ್ಕಿಯನ್ನು ಕೊಲ್ಲುತ್ತದೆ. ಬ್ಲ್ಯಾಕ್‌ಬರ್ಡ್‌ಗಳಿಗೆ ಸೇಬನ್ನು ಎರಡು ಹೋಳು ಮಾಡಿ ಮೇಲ್ಮುಖವಾಗಿ ಇಡಿ. ಹೊಲಗಳು ಹಿಮದಲ್ಲಿ ಮುಚ್ಚಿದಾಗ ಸ್ಕ್ಯಾಂಡಿನೇವಿಯಾದಿಂದ ಬಂದ ಫೀಲ್ಡ್‌ಫೇರ್, ರೆಡ್‌ವಿಂಗ್‌ಗಳು ಊರೊಳಗಿನ ತೋಟಗಳಿಗೆ ಇಳಿಯುತ್ತವೆ. ಒಂದು ಫೀಲ್ಡ್‌ಫೇರ್ ಸೇಬಿನ ಪಕ್ಕ ರೆಕ್ಕೆ ಇಳಿಬಿಟ್ಟು ನಿಂತು ಬಂದವರನ್ನೆಲ್ಲ ಅಟ್ಟುತ್ತಲೇ ದಿನ ಕಳೆಯಬಲ್ಲದು. ಹಾಗಾಗಿ ಆರು ಹೋಳುಗಳನ್ನು ಒಂದೇ ಕಡೆ ಇಡದೆ, ಒಂದು ಮೂಲೆಯಿಂದ ಇನ್ನೊಂದು ಮೂಲೆ ಕಾಣದ ಹಾಗೆ ಹಂಚಿ. ರಾಬಿನ್‌ಗೂ ಇದೇ ಬುದ್ಧಿ.

ರೆನ್ ಫೀಡರಿಗೆ ಬರುವುದು ಅಪರೂಪ. ನೆಲಮಟ್ಟದಲ್ಲಿ, ಬೇಲಿಯ ಕತ್ತಲಲ್ಲಿ ಹುಳ ಹೆಕ್ಕುವ ಹಕ್ಕಿ ಅದು; 1962–63ರ ಘೋರ ಚಳಿಗಾಲದಲ್ಲಿ ಹೆಚ್ಚು ಸತ್ತ ಹಕ್ಕಿಗಳಲ್ಲಿ ಇದೂ ಒಂದು. ಬೇಲಿಯ ಬುಡದಲ್ಲಿ ಒಂದು ಮೊಳ ಜಾಗ ಗುಡಿಸಿ, ಚೆಡ್ಡಾರ್ ಚೀಸನ್ನು ನುಣ್ಣಗೆ ತುರಿದು ಚೂರು ಚೂರು ಉದುರಿಸಿ.

ಇನ್ನು ನಮ್ಮ ಅಡುಗೆಮನೆಯ ವಿಷಯ. ಉಪ್ಪು ಹಾಕದ ಬಿಳಿ ಅನ್ನ ಸ್ವಲ್ಪ ಪರವಾಗಿಲ್ಲ. ಚಿತ್ರಾನ್ನ, ಪುಳಿಯೋಗರೆ, ಖಾರಾಬೂಂದಿ, ಚೂಡಾ ಯಾವುದೂ ಬೇಡ. ಅಷ್ಟು ಉಪ್ಪನ್ನು ಹೊರಹಾಕುವ ಶಕ್ತಿ ಪುಟ್ಟ ಹಕ್ಕಿಗಳಿಗಿಲ್ಲ. ಒಣ ಬೇಳೆ, ಹಸಿ ಅಕ್ಕಿ ಹಾಕಿದರೆ ಪಾರಿವಾಳಗಳ ಹಿಂಡು ಬರುತ್ತದೆ, ಚಿಕ್ಕವು ಓಡಿಹೋಗುತ್ತವೆ. ಒಣಕೊಬ್ಬರಿ ತುರಿ ಹೊಟ್ಟೆಯಲ್ಲಿ ಉಬ್ಬುತ್ತದೆ. ಹಸಿ ತೆಂಗಿನಕಾಯಿ ಹೋಳು ಮಾತ್ರ ಚಿನ್ನ: ಒಳಗಿನ ನೀರಿನ ಸಿಹಿ ಹೋಗುವಂತೆ ತೊಳೆದು, ಚಿಪ್ಪಿಗೆ ತೂತು ಹೊಡೆದು ದಾರದಲ್ಲಿ ನೇತುಹಾಕಿ. ತೊಳೆಯದಿದ್ದರೆ ಕಪ್ಪು ಬೂಷ್ಟು ಬರುತ್ತದೆ. ನೆನೆಸಿದ ಒಣದ್ರಾಕ್ಷಿ ಬ್ಲ್ಯಾಕ್‌ಬರ್ಡ್‌ಗೆ ಇಷ್ಟ, ಆದರೆ ನಾಯಿಗೆ ವಿಷ. ನಾಯಿ ಓಡಾಡುವ ಹಿತ್ತಲಲ್ಲಿ ಹಾಕಬೇಡಿ.

ಕಾಯಿ ಖಾಲಿಯಾದ ಚಿಪ್ಪಿನಲ್ಲೇ ಕೊಬ್ಬಿನ ಉಂಡೆ ಕಟ್ಟಬಹುದು. ಅಳತೆ ಒಂದಕ್ಕೆರಡು: 100 ಗ್ರಾಂ ಸೂಯೆಟ್ (ದನ, ಕುರಿಯ ಗಟ್ಟಿ ಕೊಬ್ಬು) ಅಥವಾ ಲಾರ್ಡ್ (ಹಂದಿ ಕೊಬ್ಬು), 200 ಗ್ರಾಂ ಒಣ ಪದಾರ್ಥ. ಅಂದರೆ ಹಸಿ ಓಟ್ಸ್, ಸೂರ್ಯಕಾಂತಿ ತಿರುಳು, ಜಜ್ಜಿದ ಕಡಲೆಬೀಜ. ಮಾಂಸದ ಕೊಬ್ಬು ಮನೆಗೆ ತರದವರಿಗೆ ವೆಜಿಟೇಬಲ್ ಸೂಯೆಟ್ ಸೂಪರ್‌ಮಾರ್ಕೆಟ್ಟಿನ ಬೇಕಿಂಗ್ ಸಾಲಿನಲ್ಲೇ ಸಿಗುತ್ತದೆ. ಸಣ್ಣ ಉರಿಯಲ್ಲಿ ಕರಗಿಸಿ, ಕಲಸಿ, ಚಿಪ್ಪಿಗೆ ತುಂಬಿ, ಫ್ರಿಜ್ಜಿನಲ್ಲಿ ಗಟ್ಟಿಯಾಗಲು ಬಿಡಿ. ಓಟ್ಸ್ ಬೇಯಿಸಬಾರದು, ಗಂಜಿ ಕೊಕ್ಕಿಗೆ ಅಂಟಿ ಗಟ್ಟಿಯಾಗುತ್ತದೆ. ಅಡುಗೆ ಎಣ್ಣೆ, ಮಾರ್ಗರಿನ್, ರೋಸ್ಟ್ ಮಾಡಿದ ತಟ್ಟೆಯ ಜಿಡ್ಡು ಬೇಡ. ತುಪ್ಪವೂ ಬೇಡ, ಅದು ಕೈಶಾಖಕ್ಕೇ ಮೆತ್ತಗಾಗುವ ಕೊಬ್ಬು. ಜಿಡ್ಡು ಮೆತ್ತಿದ ಗರಿ ನೀರನ್ನೂ ತಡೆಯುವುದಿಲ್ಲ, ಶಾಖವನ್ನೂ ಹಿಡಿಯುವುದಿಲ್ಲ.

ಚಪ್ಪಟೆ ಹಲಗೆಯ ಮೇಲೆ ರಾಶಿ ಹಾಕುವ ಅಭ್ಯಾಸವನ್ನು ಈಗ ಬಿಡುವುದೇ ಒಳ್ಳೆಯದು. ಗ್ರೀನ್‌ಫಿಂಚ್‌ಗಳನ್ನು ನೆಲಕಚ್ಚಿಸಿದ ಟ್ರೈಕೊಮೊನೋಸಿಸ್ ಕಾಯಿಲೆ ಎಂಜಲಿನಿಂದ ಹರಡುತ್ತದೆ. ಹಿಮದಲ್ಲಿ ನೆಲಕ್ಕೆ ಹಾಕುವುದು ತಪ್ಪುವುದಿಲ್ಲ, ಸರಿ. ಕತ್ತಲೊಳಗೆ ಖಾಲಿಯಾಗುವಷ್ಟೇ ಹಾಕಿ, ಜಾಗವನ್ನು ದಿನಾ ಬದಲಿಸಿ. ಪೊದೆಯಿಂದ ಎರಡು ಮೀಟರ್ ದೂರವಿರಲಿ, ಬೆಕ್ಕು ಹೊಂಚುಹಾಕಿದರೆ ಕಾಣಬೇಕು.

ನೀರು ಆಹಾರದಷ್ಟೇ ಮುಖ್ಯ. ಹಿಮ ತಿಂದು ಬದುಕುತ್ತವಲ್ಲ ಎನ್ನಬಹುದು. ಒಂದು ಗ್ರಾಂ ಮಂಜು ಕರಗಿಸಲು 334 ಜೂಲ್ ಶಾಖ ಬೇಕು, ಅದು ಹಕ್ಕಿಯ ಮೈಯಿಂದಲೇ ಹೋಗುತ್ತದೆ. ಹೂಕುಂಡದ ಎರಡು ತಟ್ಟೆ ಇಟ್ಟುಕೊಂಡು ಒಂದು ಹೊರಗೆ, ಒಂದು ಒಳಗೆ ಬದಲಿಸುತ್ತಿರಿ. ಆಳ 5 ಸೆಂಟಿಮೀಟರ್ ಮೀರದಿರಲಿ, ನೀರು ಉಗುರುಬೆಚ್ಚಗಿರಲಿ, ದಿನಕ್ಕೆ ಮೂರು ಸಲ. ಹೆಪ್ಪುಗಟ್ಟದಿರಲೆಂದು ಉಪ್ಪು, ಗ್ಲಿಸರಿನ್ ಹಾಕಬೇಡಿ. ಕಾರಿನ ನೀರು ಹೆಪ್ಪುಗಟ್ಟದಿರಲು ಹಾಕುವ ಆಂಟಿಫ್ರೀಜ್ ಅಂತೂ ಸಿಹಿರುಚಿಯ ವಿಷ. ಕಾರಿನಿಂದ ಸೋರಿದ್ದನ್ನೂ ಒರೆಸಿ, ಬೆಕ್ಕುಗಳು ನೆಕ್ಕುತ್ತವೆ.

ಖಾಲಿ ಗೂಡುಪೆಟ್ಟಿಗೆಗಳನ್ನು ತೆಗೆಯಬೇಡಿ. ನಾರ್ಫೋಕ್‌ನಲ್ಲಿ 1969ರ ಚಳಿಗಾಲದಲ್ಲಿ ಒಂದೇ ಪೆಟ್ಟಿಗೆಯೊಳಗೆ 60ಕ್ಕೂ ಹೆಚ್ಚು ರೆನ್‌ಗಳು ಒತ್ತಿಕೊಂಡು ಮಲಗಿದ್ದವು. ಬೇಲಿ, ಕೋನಿಫರ್‌ಗಳ (ಸೂಜಿಎಲೆಯ ಮರ) ಮೇಲಿನ ಹಿಮವನ್ನು ಕೊಂಬೆ ಮುರಿಯದಿರಲೆಂದು ಕೊಡವುವುದಾದರೆ ಕೆಳಗಿನಿಂದ ಮೇಲಕ್ಕೆ ಪೊರಕೆಯಲ್ಲಿ ತಟ್ಟಿ, ಅದೂ ನಡು ಹಗಲಲ್ಲಿ. ಮೂರು ಗಂಟೆಯ ಮೇಲೆ ಅಲ್ಲಿ ಹಕ್ಕಿಗಳು ಮಲಗಲು ಬಂದಿರುತ್ತವೆ, ಎಬ್ಬಿಸಿದರೆ ಕತ್ತಲಲ್ಲಿ ಬೇರೆ ಜಾಗ ಸಿಗುವುದಿಲ್ಲ.

ಕೋಳಿಗಳಿಗೆ

ಕೋಳಿ ಚಳಿಯನ್ನು ಚೆನ್ನಾಗಿ ತಡೆಯುತ್ತದೆ, ತೇವವನ್ನು ತಡೆಯುವುದಿಲ್ಲ. ಉಸಿರು, ಹಿಕ್ಕೆಯಿಂದ ಏಳುವ ಆವಿ ಮುಚ್ಚಿದ ಗೂಡಿನಲ್ಲಿ ನಿಂತು ಜುಟ್ಟಿನ ಮೇಲೆ ಕೂರುತ್ತದೆ, ಅಲ್ಲಿಂದ ಹಿಮಗಾಯ. ಮೊದಲು ತುದಿ ಬಿಳಿಚುತ್ತದೆ, ಆಮೇಲೆ ಕಪ್ಪಾಗುತ್ತದೆ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಸೂರಿನ ಒಳಮೈ ಮುಟ್ಟಿ ನೋಡಿ. ಹನಿ ಅಥವಾ ಮಂಜಿನ ಪದರ ಇದ್ದರೆ ಗಾಳಿ ಸಾಲದು ಎಂದರ್ಥ. ಗಾಳಿಕಿಂಡಿ ಕೋಳಿಯ ತಲೆಗಿಂತ ಮೇಲಿರಬೇಕು, ಕೂರುವ ಮಟ್ಟದಲ್ಲಿ ಗಾಳಿ ಬೀಸಬಾರದು. ಕೂರುವ ಅಡ್ಡಪಟ್ಟಿ 5 ಸೆಂಟಿಮೀಟರ್ ಅಗಲದ ಚಪ್ಪಟೆಯದಾದರೆ ಬೆರಳುಗಳೆಲ್ಲ ಎದೆಗರಿಯ ಕೆಳಗೆ ಬೆಚ್ಚಗಿರುತ್ತವೆ. ಹೀಟ್ ಲ್ಯಾಂಪ್ ಬೇಡ. ಒಣ ಹುಲ್ಲು, ಧೂಳು, ಮರದ ಗೂಡು, ಬೆಂಕಿಗೆ ಇನ್ನೇನು ಬೇಕು.

ನೀರಿನದೇ ದೊಡ್ಡ ಕೆಲಸ. ಒಂದು ಕೋಳಿ ದಿನಕ್ಕೆ ಕಾಲು ಲೀಟರ್ ಕುಡಿಯುತ್ತದೆ, ನೀರು ತಪ್ಪಿದರೆ ಮೊಟ್ಟೆ ತಪ್ಪುತ್ತದೆ. ಕೋಳಿ ರಾತ್ರಿ ಕುಡಿಯುವುದಿಲ್ಲವಾದ್ದರಿಂದ ಸಂಜೆಯೇ ಪಾತ್ರೆ ಖಾಲಿ ಮಾಡಿ ಒಳಗಿಡಿ, ಬೆಳಗ್ಗೆ ಮಂಜುಗಡ್ಡೆ ಕೆತ್ತುವ ಕೆಲಸವೇ ಇರುವುದಿಲ್ಲ. ಪ್ಲಾಸ್ಟಿಕ್ ಡ್ರಿಂಕರ್ ಬಿರಿಯುತ್ತದೆ. ಕಪ್ಪು ರಬ್ಬರ್ ತೊಟ್ಟಿ ಇದ್ದರೆ ಬೋರಲು ಮಾಡಿ ತುಳಿದರೆ ಮಂಜುಗಡ್ಡೆ ಬಿಲ್ಲೆಯಾಗಿ ಕಳಚಿಕೊಳ್ಳುತ್ತದೆ. ಮಧ್ಯಾಹ್ನ ಎರಡಕ್ಕೆ ಕೋಳಿಗೆ 20–25 ಗ್ರಾಂನಂತೆ ಕಾಳು ಕೊಡಿ, ರಾತ್ರಿಯಿಡೀ ಅರಗುತ್ತ ಮೈ ಬೆಚ್ಚಗಿಡುತ್ತದೆ. ಪೆಲೆಟ್ ಬಿಟ್ಟು ಬರೀ ಕಾಳು ಬೇಡ.

ಮಿಕ್ಕ ಅನ್ನ ಕೋಳಿಗೆ ಹಾಕುವುದು ಊರಲ್ಲಿ ಸಹಜ. ಬ್ರಿಟನ್ನಿನಲ್ಲಿ ಮನೆ ಅಡುಗೆಮನೆ ಹಾದುಬಂದ ಯಾವುದನ್ನೂ ಸಾಕಿದ ಕೋಳಿಗೆ ಹಾಕುವುದು ಕಾನೂನುಬಾಹಿರ. ವಿನಾಯಿತಿ ಪೂರ್ತಿ ವೀಗನ್ ಮನೆಗೆ ಮಾತ್ರ. ಹಾಲು, ಮೊಸರು ಇರುವ ಸಸ್ಯಾಹಾರಿ ಮನೆಗಿಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2024ರ ಅಕ್ಟೋಬರ್ 1ರಿಂದ ಒಂದೇ ಕೋಳಿ ಇದ್ದರೂ ನೋಂದಣಿ ಕಡ್ಡಾಯ. ಹಕ್ಕಿಜ್ವರದ ಆದೇಶ ಬಂದರೆ ತಿಳಿಯುವುದೂ ಅದರಿಂದಲೇ. ಕಾಡುಹಕ್ಕಿಗಳ ಫೀಡರನ್ನು ಕೋಳಿಗಳಿಂದ ದೂರವಿಡಿ.

ನರಿಯನ್ನು ಮರೆಯಬೇಡಿ. ಬೇಲಿಗೆ ಒತ್ತಿ ನಿಂತ ಹಿಮದಿಬ್ಬ ಅದಕ್ಕೆ ಮೆಟ್ಟಿಲು, ಅದನ್ನು ಕಡಿದು ಸರಿಸಿ. ಆಟೋಮ್ಯಾಟಿಕ್ ಬಾಗಿಲಿನ ತೋಡಿನಲ್ಲಿ ಮಂಜು ಸಿಕ್ಕಿಕೊಂಡರೆ ಅದು ಅರ್ಧಕ್ಕೇ ನಿಲ್ಲುತ್ತದೆ, ಚಳಿಗೆ ಬ್ಯಾಟರಿಯೂ ಕುಂದುತ್ತದೆ. ಆ ದಿನಗಳಲ್ಲಿ ಕೈಯಿಂದಲೇ ಮುಚ್ಚಿ.

ಮೊಲ, ಗಿನಿ ಪಿಗ್

ಗಿನಿ ಪಿಗ್‌ಗೆ 15 ಡಿಗ್ರಿಗಿಂತ ಕೆಳಗೆ ಹೊರಗೆ ಜಾಗವಿಲ್ಲ, ಒಳಗೆ ತನ್ನಿ. ಮೊಲ ಮೈ ಒದ್ದೆಯಾಗದಿದ್ದರೆ, ಗಾಳಿ ತಾಗದಿದ್ದರೆ ತಡೆಯುತ್ತದೆ. ಗೂಡನ್ನು ಇಟ್ಟಿಗೆಯ ಮೇಲೆ ಎತ್ತಿ, ಗಾಳಿಗೆ ಬೆನ್ನು ಮಾಡಿ, ಮಲಗುವ ಭಾಗಕ್ಕೆ ಗೇಣುದ್ದ ಸ್ಟ್ರಾ ತುಂಬಿ. ಮುಂದಿನ ಜಾಲರಿಗೆ ಹೊದಿಕೆ ಹಾಕುವಾಗ ಮೇಲೆ ಒಂದು ಸಂದು ಬಿಡಿ. ಶೆಡ್ಡಿಗೆ ಸಾಗಿಸಬಹುದು, ಕಾರು ಸ್ಟಾರ್ಟ್ ಮಾಡುವ ಗ್ಯಾರೇಜಿಗೆ ಬೇಡ. ಹೀಟರ್ ಇರುವ ಕೋಣೆಗೆ ತಂದು ಮತ್ತೆ ಹೊರಗೆ ಬಿಡುವುದು ಮಾತ್ರ ಕೆಟ್ಟದ್ದು.

ನೀರಿನ ಬಾಟಲಿ ಮೋಸ ಮಾಡುತ್ತದೆ. ಒಳಗೆ ನೀರು ಅಲ್ಲಾಡುತ್ತಿದ್ದರೂ ಕೊಳವೆ ತುದಿಯ ಗುಂಡು ಮೊದಲೇ ಹೆಪ್ಪುಗಟ್ಟಿರುತ್ತದೆ. ಹೋದಾಗಲೆಲ್ಲ ಬೆರಳಿನಿಂದ ಗುಂಡು ಒತ್ತಿ ಹನಿ ಬರುತ್ತದೆಯೇ ನೋಡಿ, ಜೊತೆಗೊಂದು ಭಾರದ ಪಿಂಗಾಣಿ ಬಟ್ಟಲೂ ಇಡಿ. ಹಿಕ್ಕೆ ಎಣಿಸುವ ಅಭ್ಯಾಸ ಒಳ್ಳೆಯದು: 12 ಗಂಟೆ ಏನೂ ತಿನ್ನದ, ಹಿಕ್ಕೆ ಹಾಕದ ಮೊಲ ವೆಟ್ ಹತ್ತಿರ ಹೋಗಲೇಬೇಕು.

ಕೊಳ

ಮಂಜುಗಡ್ಡೆಯನ್ನು ಸುತ್ತಿಗೆಯಿಂದ ಒಡೆಯಬೇಡಿ, ಆ ಆಘಾತ ನೀರಿನಲ್ಲಿ ಹರಡಿ ಮೀನಿಗೆ ಪೆಟ್ಟಾಗುತ್ತದೆ. ತೂತು ಬೇಕೇ ಬೇಕೆಂದರೆ ಬಿಸಿನೀರಿನ ಪಾತ್ರೆಯನ್ನು ಮೇಲಿಟ್ಟು ಕರಗಿಸಿ. ಆದರೆ ತೂತಿಗಿಂತ ಹೆಚ್ಚು ಕೆಲಸ ಮಾಡುವುದು ಪೊರಕೆ. ಮಂಜುಗಡ್ಡೆಯ ಮೂಲಕ ಬೆಳಕು ಹೋಗುತ್ತದೆ, ಅದರ ಮೇಲಿನ ಹಿಮದ ಮೂಲಕ ಹೋಗುವುದಿಲ್ಲ. ಬೆಳಕಿಲ್ಲದೆ ಜಲಸಸ್ಯಗಳು ಆಮ್ಲಜನಕ ಬಿಡುವುದನ್ನು ನಿಲ್ಲಿಸುತ್ತವೆ, ತಳದಲ್ಲಿ ಚರ್ಮದಿಂದಲೇ ಉಸಿರಾಡುತ್ತ ಕೂತ ಕಪ್ಪೆಗಳು ಉಸಿರುಗಟ್ಟಿ ಸಾಯುತ್ತವೆ. ದಡದಲ್ಲೇ ನಿಂತು ಉದ್ದ ಹಿಡಿಯ ಮೆತ್ತನೆ ಪೊರಕೆಯಿಂದ ಕಡೇಪಕ್ಷ ಅರ್ಧ ಕೊಳ ಗುಡಿಸಿ. ಮೇಲೆ ಕಾಲಿಡುವುದು ಬೇಡ.

ಪಂಪ್ ಇದ್ದರೆ ತಳದಿಂದ ಮೇಲಕ್ಕೆತ್ತಿ. ನೀರು 4 ಡಿಗ್ರಿಯಲ್ಲಿ ಅತಿ ಸಾಂದ್ರ, ಆ ಪದರ ತಳದಲ್ಲಿ ನಿಂತು ಮೀನುಗಳನ್ನು ಕಾಯುತ್ತದೆ. ಪಂಪ್ ಅದನ್ನು ಕಲಕಿ ತಣ್ಣಗೆ ಮಾಡುತ್ತದೆ. ಮೀನಿಗೆ ಆಹಾರ ಹಾಕಬೇಡಿ.

ಹೆಡ್ಜ್‌ಹಾಗ್

ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿ ಹೆಡ್ಜ್‌ಹಾಗ್ ಚಳಿನಿದ್ದೆಯಲ್ಲಿರುವಾಗ ಮುಟ್ಟಿದರೆ ತಣ್ಣಗಿರುತ್ತದೆ, ಸತ್ತಿದೆ ಎಂದುಕೊಳ್ಳಬೇಡಿ. ಎಲೆರಾಶಿ ಕೆದಕಿದಾಗ ಚೆಂಡಿನಂತೆ ಸುತ್ತಿಕೊಂಡದ್ದು ಸಿಕ್ಕರೆ ಮತ್ತೆ ಎಲೆ ಮುಚ್ಚಿ, ಹತ್ತಿರದಲ್ಲಿ ನೀರು, ಮಾಂಸದ ಬೆಕ್ಕಿನಾಹಾರ ಇಟ್ಟು ಹೊರಟುಬಿಡಿ. ಹಾಲು, ಬ್ರೆಡ್ ಕೊಡಬಾರದು, ಭೇದಿಯಾಗುತ್ತದೆ.

ಹಗಲಲ್ಲಿ ಹಿಮದ ಮೇಲೆ ತೂರಾಡುತ್ತಿದ್ದರೆ, ಬಿದ್ದುಕೊಂಡಿದ್ದರೆ ಅದಕ್ಕೆ ನೆರವು ಬೇಕು. ದಪ್ಪ ಗ್ಲೋವ್ಸ್ ಹಾಕಿ ಎತ್ತಿ, ಎತ್ತರದ ರಟ್ಟಿನ ಪೆಟ್ಟಿಗೆಗೆ ಟವೆಲ್ ಹಾಸಿ ಬಿಡಿ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಒಂದು ಪಕ್ಕ ಇಡಿ, ಸೆಕೆಯಾದರೆ ಸರಿಯಲು ಜಾಗವಿರಲಿ. ಬಾಟಲಿ ಆರಿದರೆ ಮೈಶಾಖವನ್ನೇ ಎಳೆದುಕೊಳ್ಳುತ್ತದೆ, ಮತ್ತೆ ಬಿಸಿ ಮಾಡುತ್ತಿರಿ. ಮೈ ಬೆಚ್ಚಗಾಗುವ ಮುಂಚೆ ತಿನ್ನಿಸಬೇಡಿ. ಬ್ರಿಟಿಷ್ ಹೆಡ್ಜ್‌ಹಾಗ್ ಪ್ರಿಸರ್ವೇಷನ್ ಸೊಸೈಟಿಯವರು ಹತ್ತಿರದ ಆರೈಕೆದಾರರ ವಿಳಾಸ ಕೊಡುತ್ತಾರೆ.

ಕರಗಲು ಶುರುವಾದಾಗ

ಹಿಮ ಹೋಯಿತೆಂದು ಹಕ್ಕಿಯೂಟ ಒಮ್ಮೆಗೇ ನಿಲ್ಲಿಸಬೇಡಿ, ಮೇಲೆ ಕರಗಿದರೂ ನೆಲ ಇನ್ನೂ ಕಲ್ಲಾಗಿರುತ್ತದೆ, ಎರೆಹುಳು ಸಿಗುವುದಿಲ್ಲ. ನಾಲ್ಕೈದು ದಿನದಲ್ಲಿ ನಿಧಾನಕ್ಕೆ ಇಳಿಸಿ. ಫೀಡರ್‌ಗಳನ್ನು ಬಿಚ್ಚಿ ಸೋಪುನೀರಲ್ಲಿ ಉಜ್ಜಿ, ಪೂರ್ತಿ ಒಣಗಿಸಿ ಹಾಕಿ. ಗರಿ ಉಬ್ಬಿಸಿಕೊಂಡು, ಕೊಕ್ಕಿನ ಸುತ್ತ ಆಹಾರ ಮೆತ್ತಿಕೊಂಡು ಕೂತ ಫಿಂಚ್ ಕಂಡರೆ ಮಾತ್ರ ಎರಡು ವಾರ ಎಲ್ಲವನ್ನೂ ನಿಲ್ಲಿಸಿ, ಹಕ್ಕಿಗಳು ಚದುರಿಹೋಗಲಿ.

ಕೊಳದಲ್ಲಿ ಕಪ್ಪೆಮೊಟ್ಟೆಯ ಮೇಲ್ಪದರ ಬೆಳ್ಳಗಾಗಿದ್ದರೆ ಅದು ಸತ್ತಿದೆ. ನೀರೊಳಗಿನ ಕಪ್ಪು ಚುಕ್ಕೆಗಳು ಬಹುಮಟ್ಟಿಗೆ ಬದುಕಿರುತ್ತವೆ, ಇಡೀ ಮುದ್ದೆ ಎಸೆಯಬೇಡಿ. ಕೋಳಿಗೂಡಿನ ಒದ್ದೆ ಹಾಸನ್ನು ಅವತ್ತೇ ತೆಗೆದು ಹೊಸದು ಹರಡಿ. ಮೊಲದ ಗೂಡು ಸೂರಿನ ಅಂಚಿನ ಕೆಳಗಿದ್ದರೆ ಒಂದೂವರೆ, ಎರಡು ಮೀಟರ್ ಆಚೆ ಸರಿಸಿ. ಸೋಲಾರ್ ಪ್ಯಾನೆಲ್ ಇರುವ ಮನೆಯಲ್ಲಿ ಇನ್ನೂ ದೂರ. ಗಾಜಿನ ಮೇಲಿನ ಹಿಮ ಸದ್ದಿಲ್ಲದೆ ಒಂದೇ ಹಲಗೆಯಾಗಿ ಜಾರಿ ಬೀಳುತ್ತದೆ.